ಸೂರಿಲ್ಲದ ಗುಡಿಯ ಅರವತ್ತನಾಲ್ವರು



ದೇವಸ್ಥಾನ ಅಂದ ಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಒಂದು ನೇರ ದಾರಿ. ಹೆಬ್ಬಾಗಿಲು, ಧ್ವಜಸ್ತಂಭ, ನವರಂಗ, ಸುಕನಾಸಿ, ಅದರಾಚೆ ಕತ್ತಲೆಯ ಗರ್ಭಗುಡಿ, ಒಳಗೊಂದು ನಂದಾದೀಪ. ದೇವರು ಅಲ್ಲಿ, ನಾವು ಇಲ್ಲಿ. ನಡುವೆ ಸರತಿಯ ಸಾಲು. ಇವತ್ತು ನಾನು ಹೇಳಹೊರಟಿರುವ ಗುಡಿಗೆ ಇದ್ಯಾವುದೂ ಇಲ್ಲ. ಶಿಖರವಿಲ್ಲ, ಗರ್ಭಗುಡಿಯಿಲ್ಲ, ಕಡೆಗೆ ಸೂರೂ ಇಲ್ಲ. ಇರುವುದು ದುಂಡನೆಯ ಒಂದು ಗೋಡೆ, ಅದರ ಒಳಮೈಯಲ್ಲಿ ಸುತ್ತಲೂ ದೇವಿಯರು, ಮೇಲೆ ಬಯಲು ಆಕಾಶ. ಇವೇ ಚೌಸಠ್ ಯೋಗಿನಿ ಗುಡಿಗಳು, ನಮ್ಮ ಮಾತಿನಲ್ಲಿ ಅರವತ್ತನಾಲ್ಕು ಯೋಗಿನಿಯರ ಗುಡಿಗಳು.

ಮುಂಬಯಿಯ ಮಾಟುಂಗದಲ್ಲಿರುವ ನಮ್ಮ ಕನ್ನಡಿಗರಿಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಇದೆ. ಬಳಸುದಾರಿಯ ಸಂಬಂಧ, ಆದರೆ ಗಟ್ಟಿಯಾದದ್ದು. ಅದಕ್ಕೆ ಬರುವ ಮೊದಲು ಒಂದು ಗುಡಿಯನ್ನು ಹತ್ತಿರ ನಿಂತು ನೋಡೋಣ.

ಒಡಿಶಾದಲ್ಲಿ, ಭುವನೇಶ್ವರದ ಹೊರಗೆ, ಗದ್ದೆ ತೋಟಗಳ ನಡುವೆ ಹೀರಾಪುರ ಎಂಬ ಹಳ್ಳಿ. ಅಲ್ಲಿಯ ಗುಡಿ ಒಂಬತ್ತು-ಹತ್ತನೆಯ ಶತಮಾನದ್ದು. ಹಳ್ಳಿಯವರಿಗೆ ಅದು ಯಾವತ್ತೂ ಗೊತ್ತಿದ್ದ ಜಾಗವೇ. ವಿದ್ವಾಂಸರಿಗೆ ಗೊತ್ತಾದದ್ದು ಮಾತ್ರ 1953ರಲ್ಲಿ, ಒಡಿಶಾ ರಾಜ್ಯ ವಸ್ತುಸಂಗ್ರಹಾಲಯದ ಕೇದಾರನಾಥ ಮಹಾಪಾತ್ರರು ಅದನ್ನು ಬೆಳಕಿಗೆ ತಂದಾಗ. ಗುಡಿ ಎಷ್ಟು ಚಿಕ್ಕದೆಂದರೆ, ಚಿತ್ರಗಳಲ್ಲಿ ನೋಡಿ ದೊಡ್ಡದೆಂದುಕೊಂಡು ಹೋದವರಿಗೆ ಒಂದು ಗಳಿಗೆ ನಿರಾಶೆಯಾಗುತ್ತದೆ. ಅಡ್ಡಳತೆ ಸುಮಾರು ಮೂವತ್ತು ಅಡಿ. ಗೋಡೆ ಆಳೆತ್ತರಕ್ಕಿಂತ ಸ್ವಲ್ಪ ಮೇಲೆ. ಬಾಗಿಲು ತಗ್ಗು, ಬಗ್ಗಿಯೇ ಹೋಗಬೇಕು. ಗೋಡೆಯ ಒಳಗಡೆ ಅರವತ್ತು ಗೂಡುಗಳು, ಗೂಡಿಗೊಬ್ಬಳು ದೇವಿ. ನಡುವಿನ ಸಣ್ಣ ಮಂಟಪದಲ್ಲಿ ಇನ್ನು ನಾಲ್ವರ ಜಾಗ, ಜೊತೆಗೆ ನಾಲ್ವರು ಭೈರವರು. ಆ ನಾಲ್ವರು ಯೋಗಿನಿಯರಲ್ಲಿ ಒಬ್ಬಳ ವಿಗ್ರಹ ಈಗ ಇಲ್ಲ.

ವಿಗ್ರಹಗಳು ಹೆಚ್ಚೆಂದರೆ ಎರಡಡಿಯವು, ಕಪ್ಪು ನುಣುಪು ಕಲ್ಲಿನವು. ಒಬ್ಬಳಂತೆ ಇನ್ನೊಬ್ಬಳಿಲ್ಲ. ಒಬ್ಬಳು ಬಿಲ್ಲನ್ನು ಸೆಳೆದು ನಿಂತಿದ್ದಾಳೆ. ಒಬ್ಬಳದು ಆನೆಯ ಮುಖ, ಒಬ್ಬಳದು ಹಂದಿಯ ಮುಖ, ಇನ್ನೊಬ್ಬಳದು ಸಿಂಹದ್ದು. ಚಾಮುಂಡೆ ಎಲುಬಿನ ಗೂಡು. ಕಾಲಡಿಯಲ್ಲಿ ಆಮೆ, ಮೀನು, ಗಿಳಿ, ಕಪ್ಪೆ, ಗಾಲಿ, ಗಡಿಗೆ, ಮನುಷ್ಯನ ರುಂಡ, ಹೀಗೆ ಏನು ಬೇಕಾದರೂ ಇರಬಹುದು. ದೇವಲೋಕದ ನಂದಿ, ಗರುಡರಷ್ಟೇ ವಾಹನಗಳೆಂದು ತಿಳಿದವರು ಇಲ್ಲಿ ಒಮ್ಮೆ ಕಣ್ಣುಜ್ಜಿಕೊಳ್ಳಬೇಕು. ಇವರಲ್ಲಿ ನನಗೆ ಇಷ್ಟವಾದವಳು ಕಾಲಂದುಗೆ ಸರಿಪಡಿಸಿಕೊಳ್ಳುತ್ತಿರುವ ಯೋಗಿನಿ. ಲೋಕವನ್ನು ನಡುಗಿಸಬೇಕಾದವಳು ಹೊರಡುವ ಮುಂಚೆ ಅಂದುಗೆಯ ಕೀಲು ಬಿಗಿಮಾಡಿಕೊಳ್ಳುತ್ತಿದ್ದಾಳೆ! ಆ ಶಿಲ್ಪಿ ತನ್ನ ಮನೆಯ ಹೆಂಗಸರನ್ನು ಚೆನ್ನಾಗಿ ನೋಡಿದ್ದವನು.

ಅದರಲ್ಲೂ ತಲೆಗೂದಲು. ಒಬ್ಬೊಬ್ಬಳ ತುರುಬೂ ಬೇರೆ. ಕೆಲವರದು ಒಂದು ಪಕ್ಕಕ್ಕೆ ಜಾರಿದ ದೊಡ್ಡ ಸೂಡಿ, ಕೆಲವರದು ನೆತ್ತಿಯ ಮೇಲೆ ಎತ್ತಿ ಕಟ್ಟಿದ್ದು, ಕೆಲವರದು ಬೆಂಕಿಯ ನಾಲಗೆಯಂತೆ ಎದ್ದು ನಿಂತದ್ದು. ಮಾಟುಂಗ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಸಿಗುವ ಹೂವಿನ ಅಂಗಡಿಗಳಲ್ಲಿ ಸಂಜೆ ಹೊತ್ತು ಮಲ್ಲಿಗೆ ದಂಡೆ, ಅಬ್ಬಲಿಗೆ, ಮರಾಠಿಯವರ ವೇಣಿ ಕೊಳ್ಳುವ ಹೆಂಗಸರ ಹಿಂದೆ ಒಂದೈದು ನಿಮಿಷ ನಿಂತು ನೋಡಿ. ತಮಿಳು ಮಾಮಿಯ ಕೊಂಡೆ ಬೇರೆ, ಕೊಂಕಣಿ ಅಜ್ಜಿಯ ತುರುಬು ಬೇರೆ, ನಮ್ಮ ಉಡುಪಿ ಕಡೆಯ ಹೆಂಗಸರು ದಂಡೆಯನ್ನು ಸುತ್ತುವ ಬಗೆಯೇ ಬೇರೆ. ಹೀರಾಪುರದ ಶಿಲ್ಪಿಗೆ ಇಂಥದೇ ಒಂದು ಪೇಟೆಬೀದಿ ಗೊತ್ತಿತ್ತು ಅಂತ ನನ್ನ ಗುಮಾನಿ.

ಹೊರಗೋಡೆಯ ಮೇಲೆ ಒಂಬತ್ತು ಮಂದಿ ಕಾತ್ಯಾಯನಿಯರಿದ್ದಾರೆ. ದೊಡ್ಡ ದೊಡ್ಡ ರುಂಡಗಳ ಮೇಲೆ ನಿಂತವರು, ಕೈಯಲ್ಲಿ ಕತ್ತಿ, ಬಟ್ಟಲು. ಜೊತೆಗೆ ನಾಯಿ, ನರಿ. ಹೊರಗಿನಿಂದ ಬಂದವನಿಗೆ ಮೊದಲು ಎದುರಾಗುವುದು ಇವರೇ. ಬಾಗಿಲ ಸಂದಿಯಲ್ಲಿ ಎಲುಬು-ಚಕ್ಕಳದ ಎರಡು ಗಂಡು ವಿಗ್ರಹಗಳು. ಅದನ್ನೆಲ್ಲ ದಾಟಿ ಒಳಗೆ ಕಾಲಿಟ್ಟರೆ ಆಗುವ ಅನುಭವವನ್ನು ಯಾವ ಫೋಟೋವೂ ಕೊಡಲಾರದು. ಬೇರೆ ಗುಡಿಗಳಲ್ಲಿ ನಾವು ದೇವರನ್ನು ನೋಡುತ್ತೇವೆ. ಇಲ್ಲಿ ಅರವತ್ತು ಜೊತೆ ಕಣ್ಣು ನಮ್ಮನ್ನು ನೋಡುತ್ತವೆ. ಯಾರಿಗೆ ಮುಖ ಮಾಡಿ ನಿಂತರೂ ಇನ್ನೊಬ್ಬಳಿಗೆ ಬೆನ್ನು ತೋರಿಸಿದಂತೆಯೇ. ಮೊದಲು ಯಾರಿಗೆ ಕೈಮುಗಿಯಬೇಕು ಎಂಬ ಪ್ರಶ್ನೆಗೆ ಈ ಕಟ್ಟಡ ಉತ್ತರ ಕೊಡುವುದಿಲ್ಲ. ಸೂರು ಯಾಕಿಲ್ಲ? ಯೋಗಿನಿಯರು ಆಕಾಶದಲ್ಲಿ ಸಂಚರಿಸುವವರು, ಇಳಿಯಲು ಏರಲು ದಾರಿ ಬೇಕು ಎಂಬುದು ನಂಬಿಕೆ.

ಈಗ ನಮ್ಮ ಕಡೆಗೆ ಬರೋಣ. ಈ ಯೋಗಿನಿಯರ ಹಿಂದಿನ ತಲೆಮಾರು ಕನ್ನಡಿಗರಿಗೆ ಚೆನ್ನಾಗಿ ಪರಿಚಯದ್ದು, ಸಪ್ತಮಾತೃಕೆಯರು. ಬ್ರಾಹ್ಮಿ, ಮಾಹೇಶ್ವರಿ, ಕೌಮಾರಿ, ವೈಷ್ಣವಿ, ವಾರಾಹಿ, ಇಂದ್ರಾಣಿ, ಚಾಮುಂಡೆ. ಬಾದಾಮಿಯ ಚಾಲುಕ್ಯರು ತಮ್ಮ ಶಾಸನಗಳಲ್ಲಿ ತಾವು ಹಾರಿತೀಪುತ್ರರು, ಏಳು ಮಂದಿ ತಾಯಂದಿರು ಸಾಕಿ ಬೆಳೆಸಿದವರು ಎಂದು ಹೆಮ್ಮೆಯಿಂದ ಹೇಳಿಕೊಂಡರು. ಐಹೊಳೆಯ ರಾವಣಫಡಿಯಲ್ಲಿ ಶಿವನ ಜೊತೆ ಕುಣಿಯುತ್ತಿರುವ ಮಾತೃಕೆಯರನ್ನು ನೀವು ನೋಡಿರಬಹುದು. ಕನ್ನಡ ನಾಡಿನ ಶಿಲ್ಪಗಳಲ್ಲಿ ಅಷ್ಟು ಬಳುಕು, ಅಷ್ಟು ಗತ್ತು ಒಟ್ಟಿಗೇ ಇರುವುದು ಅಪರೂಪ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕೆರೆ ಏರಿಯ ಹತ್ತಿರ ಒಂದೇ ಕಲ್ಲಿನಲ್ಲಿ ಸಾಲಾಗಿ ಕೂತ ಏಳು ಮಂದಿ ಸಿಗುತ್ತಾರೆ, ಒಂದು ತುದಿಗೆ ವೀರಭದ್ರ, ಇನ್ನೊಂದು ತುದಿಗೆ ಗಣಪ ಕಾವಲಿಗೆ. ನಮ್ಮ ಮುಂಬಯಿಯ ಎಲಿಫೆಂಟಾದಲ್ಲಿಯೂ ಮಾತೃಕೆಯರಿದ್ದಾರೆ. ತ್ರಿಮೂರ್ತಿಯನ್ನು ನೋಡಿ ಲಾಂಚಿಗೆ ಓಡುವ ನಾವು ಪೂರ್ವದ ಅಂಗಳದ ಪಕ್ಕದ ಆ ಕೋಣೆಗೆ ಇಣುಕುವುದಿಲ್ಲ, ಅಷ್ಟೇ.

ಏಳರ ಜೊತೆ ಇನ್ನೊಬ್ಬಳು ಸೇರಿ ಎಂಟಾದರು. ಎಂಟು ಮಂದಿಗೆ ತಲಾ ಎಂಟು ರೂಪ ಅಂತ ಲೆಕ್ಕ ಹಾಕಿದರೆ ಅರವತ್ತನಾಲ್ಕು. ಶಾಸ್ತ್ರದ ಲೆಕ್ಕ ಹೀಗೆ ಸಲೀಸು. ಆದರೆ ಆ ಅರವತ್ತನಾಲ್ಕು ಹೆಸರುಗಳ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಹಳ್ಳಿ ಹಳ್ಳಿಯ ಗ್ರಾಮದೇವತೆಯರನ್ನು, ಜ್ವರ ತರುವವಳು, ಮಗು ಕಾಯುವವಳು, ಗಡಿ ಕಾಯುವವಳು ಇವರನ್ನೆಲ್ಲ ಶಾಸ್ತ್ರದವರು ಒಂದು ಚಾವಡಿಗೆ ಕರೆದು ಕೂರಿಸಿದಾಗ ಪಟ್ಟಿ ಹೊಂದಬೇಕೆಂದರೆ ಎಲ್ಲಿಂದ ಹೊಂದೀತು? ಯೋಗಿನಿಯರ ಬಗ್ಗೆ ಮುಖ್ಯವಾದ ಪುಸ್ತಕ ಬರೆದ ವಿದ್ಯಾ ದೆಹೇಜಿಯಾ ಅವರೂ ಈ ಪಂಥದ ಬೇರು ಹಳ್ಳಿಯ ದೇವತೆಗಳಲ್ಲಿದೆ ಎಂದು ತೋರಿಸಿದ್ದಾರೆ. ನಮ್ಮಲ್ಲಿ ಆ ತಾಯಂದಿರು ಸಾಲಿನಲ್ಲೇ ಉಳಿದರು. ನರ್ಮದೆಯ ದಡದಿಂದ ಒಡಿಶಾದವರೆಗಿನ ಸೀಮೆಯಲ್ಲಿ ಸಾಲು ಬಾಗಿ ಬಳೆಯಾಯಿತು.

ಇನ್ನೊಂದು ದಾರಿ ಮಂಗಳೂರಿನಿಂದ ಬರುತ್ತದೆ. ಮಾಟುಂಗದ ಕನ್ನಡಿಗರಲ್ಲಿ ಅರ್ಧಕ್ಕರ್ಧ ತುಳುನಾಡಿನವರು, ಕದ್ರಿ ಗೊತ್ತಿಲ್ಲದವರು ಯಾರು? ಮಂಜುನಾಥನ ಗುಡಿಯ ಮೇಲ್ಗಡೆ ಗುಡ್ಡದಲ್ಲಿ ನಾಥಪಂಥದ ಜೋಗಿ ಮಠ. ಗುಡಿಯೊಳಗಿನ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಆಳುಪರ ಕುಂದವರ್ಮ 968ರಲ್ಲಿ ಸ್ಥಾಪಿಸಿದ. ಹೀರಾಪುರದ ಕಾಲಕ್ಕೆ ತೀರ ದೂರವಲ್ಲ. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ತ್ರ್ಯಂಬಕೇಶ್ವರದ ಕುಂಭಮೇಳ ಮುಗಿಸಿದ ನಾಥ ಜೋಗಿಗಳ ದಂಡು ಕಾಲ್ನಡಿಗೆಯಲ್ಲೇ ಕದ್ರಿಗೆ ಬಂದು ಮಠಕ್ಕೆ ಹೊಸ ಅರಸನನ್ನು ಕೂರಿಸುತ್ತದೆ. 2016ರಲ್ಲಿ ಹಾಗೆ ಪಟ್ಟವಾಯಿತು. ಈ ಜೋಗಿಗಳ ಮೂಲಗುರು ಮತ್ಸ್ಯೇಂದ್ರನಾಥ. ಯೋಗಿನೀ ಕೌಲ ಎಂಬ ಮಾರ್ಗವನ್ನು ಹೊರಡಿಸಿದವನೆಂದು ತಂತ್ರಗ್ರಂಥಗಳು ಹೇಳುವುದೂ ಅದೇ ಮತ್ಸ್ಯೇಂದ್ರನನ್ನು. ಅವನು ಹೆಣ್ಣುಗಳ ರಾಜ್ಯದಲ್ಲಿ ಸಿಕ್ಕಿಬಿದ್ದ, ಶಿಷ್ಯ ಗೋರಖನಾಥ ಹೋಗಿ ಬಿಡಿಸಿಕೊಂಡು ಬಂದ ಎಂಬ ಕಥೆ ಮಹಾರಾಷ್ಟ್ರದಲ್ಲಿ ಮನೆಮಾತು. 1932ರಲ್ಲಿ ಶಾಂತಾರಾಮರು ಅದನ್ನೇ 'ಮಾಯಾ ಮಚ್ಛಿಂದ್ರ' ಎಂಬ ಸಿನಿಮಾ ಮಾಡಿದರು. ನನಗನಿಸುವ ಮಟ್ಟಿಗೆ ಆ ಕಥೆ ಮುಂದಿನ ಕಾಲದ ಶಿಷ್ಯರು ಕಟ್ಟಿದ್ದು. ಗುರು ಯೋಗಿನಿಯರ ಚಕ್ರದಲ್ಲಿ ಕೂತು ಕಲಿತದ್ದನ್ನು ನೇರವಾಗಿ ಹೇಳಲಾಗದೆ, ಮೋಹದಲ್ಲಿ ಬಿದ್ದಿದ್ದ ಎಂದರು.

ಮೂರನೆಯದು ನಮ್ಮ ಕಾವ್ಯದ ದಾರಿ. ಜನ್ನ 1209ರಲ್ಲಿ ಮುಗಿಸಿದ 'ಯಶೋಧರ ಚರಿತೆ' ಶುರುವಾಗುವುದೇ ಚಂಡಮಾರಿಯ ಜಾತ್ರೆಯಿಂದ. ರಾಜಪುರದ ಅರಸ ಮಾರಿದತ್ತ ದೇವಿಗೆ ನರಬಲಿ ಕೊಡಲು ಎಳೆಯ ಅಣ್ಣತಂಗಿಯರನ್ನು ತರಿಸುತ್ತಾನೆ. ಈ ಕಥೆಯನ್ನು ಜನ್ನನಿಗಿಂತ ಎರಡೂವರೆ ಶತಮಾನ ಮೊದಲು, 959ರಲ್ಲಿ, ಸಂಸ್ಕೃತದಲ್ಲಿ ಬರೆದವನು ಜೈನ ಆಚಾರ್ಯ ಸೋಮದೇವಸೂರಿ. ಅವನು ಬರೆದದ್ದು ಪಂಪನ ಆಶ್ರಯದಾತ ಅರಿಕೇಸರಿಯ ಮಗನ ಆಳ್ವಿಕೆಯಲ್ಲಿ, ಗಂಗಾಧರ ಎಂಬ ಊರಿನಲ್ಲಿ. ಪಂಪನ ತಮ್ಮ ಜಿನವಲ್ಲಭನ ಶಾಸನ ಇರುವುದೂ ಆ ಗಂಗಾಧರದ ಬಳಿಯ ಗುಡ್ಡದಲ್ಲೇ. ಸೋಮದೇವನ ಚಂಡಮಾರಿ ಗುಡಿಗೆ ಮಹಾಯೋಗಿನಿಯರು ಆಕಾಶದಿಂದ ಬಂದಿಳಿಯುತ್ತಾರೆ. ಅಂದರೆ ಪಂಪನ ಮುಂದಿನ ತಲೆಮಾರಿನ ಕನ್ನಡ ಪರಿಸರದಲ್ಲಿ ಈ ದೇವಿಯರ ಸುದ್ದಿ ಇತ್ತು, ಭಯವೂ ಇತ್ತು. ಆದರೆ ಒಂದು ಮಾತು. ಅಹಿಂಸೆಯ ಧರ್ಮದವರು ಬಲಿಯ ಧರ್ಮದ ಬಗ್ಗೆ ಬರೆದದ್ದು ಎದುರು ಪಕ್ಷದ ಸಾಕ್ಷಿ. ಅದನ್ನು ನಂಬಬಾರದು ಎಂದಲ್ಲ, ಅಳೆದು ನಂಬಬೇಕು. ಇತ್ತೀಚೆಗೆ ಇದಕ್ಕೆ ವಿರುದ್ಧ ದಿಕ್ಕಿನ ಹುಚ್ಚೂ ಇದೆ, ಯೋಗಿನಿ ಎಂದರೆ ಗುಟ್ಟಿನ ಮಂತ್ರ, ಅಮಾವಾಸ್ಯೆ, ಮೊಬೈಲಿನಲ್ಲಿ ನಡುಗುವ ದನಿಯ ವಿಡಿಯೋ. ಅದಕ್ಕಿಂತ ಜನ್ನನೇ ವಾಸಿ.

ಇಂಥ ಗುಡಿಗಳನ್ನು ಕಟ್ಟಿಸಿದವರು ಹೆಚ್ಚಾಗಿ ರಾಜರು, ಅರಸುಮನೆಯವರು. ಯುದ್ಧದಲ್ಲಿ ಗೆಲುವು, ಶತ್ರುವಿನ ಮೇಲೆ ಮಾಟ, ರಾಜ್ಯಕ್ಕೆ ರಕ್ಷೆ, ಇವು ಯೋಗಿನಿಯರಿಂದ ಸಿಗುತ್ತವೆಂದು ಅವರು ನಂಬಿದ್ದರು. ಅದು ಸಣ್ಣ ಸಣ್ಣ ರಾಜ್ಯಗಳು ಒಂದರ ಮೇಲೊಂದು ಬೀಳುತ್ತಿದ್ದ ಕಾಲ. ಜಬಲ್ಪುರದ ಹತ್ತಿರ ನರ್ಮದೆಯ ಅಮೃತಶಿಲೆಯ ಬಂಡೆಗಳ ಮೇಲ್ಗಡೆ ಭೇಡಾಘಾಟ್ ಇದೆ. ಕಲಚುರಿಗಳ ಗುಡಿ, ಇವುಗಳಲ್ಲೆಲ್ಲ ದೊಡ್ಡದು, ಅರವತ್ತನಾಲ್ಕಲ್ಲ, ಎಂಬತ್ತೊಂದು ಗೂಡುಗಳು. ಹೀರಾಪುರದಲ್ಲಿ ಹೆಸರು ಕೆತ್ತಿಲ್ಲ. ಇಲ್ಲಿ ಪೀಠದ ಮೇಲೆ ಹೆಸರು ಕೆತ್ತಿದ್ದಾರೆ. ಆಳೆತ್ತರದ, ಕೂತ ಭಂಗಿಯ ದೇವಿಯರು. ಹೆಚ್ಚಿನವರ ಕೈ, ಮುಖ ನೆಟ್ಟಗಿಲ್ಲ, ಒಡೆದಿವೆ. ಅಂಗಳದಲ್ಲಿ ಆಮೇಲಿನವರು ಗೌರೀಶಂಕರನಿಗೆ ಗುಡಿ ಕಟ್ಟಿದರು. ನಂದಿಯ ಮೇಲೆ ಹೆಂಡತಿಯ ಜೊತೆ ಹೊರಟ ಶಿವ, ಸಂಸಾರಸ್ಥ. ಈಗ ಆರತಿ ನಡೆಯುವುದು ಅವನಿಗೆ. ಸುತ್ತಲಿನ ಎಂಬತ್ತೊಂದು ಗೂಡುಗಳು ಆ ಗುಡಿಯ ಪ್ರಾಕಾರವಾಗಿಬಿಟ್ಟಿವೆ.

ಮಧ್ಯಪ್ರದೇಶದ ಮೊರೇನಾ ಬಳಿಯ ಮಿತಾವ್ಲಿಯ ಹೆಸರನ್ನು ನೀವು ಕೇಳಿಯೇ ಇರುತ್ತೀರಿ, ದೆಹಲಿಯ ಹಳೆಯ ಸಂಸತ್ ಭವನಕ್ಕೆ ಇದೇ ಮಾದರಿ ಎಂಬ ಮಾತಿನಿಂದ. ಗುಡ್ಡದ ಮೇಲಿನ ದುಂಡು ಕಟ್ಟಡ, ಸುತ್ತ ಕಂಬಸಾಲು, ನಡುವೆ ದುಂಡು ಮಂಟಪ. ನೋಡಲು ಹೋಲುತ್ತದೆ ನಿಜ. ಆದರೆ ಭವನದ ನಕ್ಷೆ ಮಾಡಿದ ಲುಟ್ಯೆನ್ಸ್ ಆಗಲಿ ಹರ್ಬರ್ಟ್ ಬೇಕರ್ ಆಗಲಿ ಆ ಗುಡ್ಡ ಹತ್ತಿದ್ದರೆಂಬುದಕ್ಕೆ ಯಾರೂ ಕಾಗದ ತೋರಿಸಿಲ್ಲ. 1927ರಲ್ಲಿ ಉದ್ಘಾಟನೆಯಾದ ಆ ಭವನಕ್ಕೆ ಬೇಕರ್ ಮೊದಲು ಯೋಚಿಸಿದ್ದು ಮೂರು ಮೂಲೆಯ ನಕ್ಷೆ. ದುಂಡಗೆ ಮಾಡಿಸಿದ್ದು ಲುಟ್ಯೆನ್ಸ್, ಅವನ ತಲೆಯಲ್ಲಿದ್ದದ್ದು ರೋಮಿನ ಕೊಲೊಸಿಯಮ್. ನಮ್ಮ ಹೆಮ್ಮೆಗೆ ಬೇಕಾದ್ದು ಮಿತಾವ್ಲಿಯಲ್ಲಿ ಬೇರೆಯೇ ಇದೆ. 1323ರ ಶಾಸನವಿರುವ ಗುಡಿ ಅದು, ಭೂಕಂಪಗಳಿಗೂ ಬಗ್ಗದೆ ನಿಂತಿದೆ. ಅಲ್ಲಿ ಯೋಗಿನಿಯರು ಮಾತ್ರ ಒಬ್ಬರೂ ಇಲ್ಲ. ಕೋಣೆ ಕೋಣೆಯಲ್ಲಿ ಈಗ ಒಂದೊಂದು ಶಿವಲಿಂಗ.

ಈ ಅದಲುಬದಲಿನ ಕನ್ನಡಿಬಿಂಬ ನೋಡಬೇಕೆಂದರೆ ಒಡಿಶಾಕ್ಕೂ ಬೇಡ, ಮೊರೇನಾಕ್ಕೂ ಬೇಡ. ಮಾಟುಂಗ ರೋಡಿನಿಂದ ಬೊರಿವಲಿ ಸ್ಲೋ ಹಿಡಿದರೆ ಸಾಕು. ಜೋಗೇಶ್ವರಿ ಎಂಬ ಸ್ಟೇಷನ್ನನ್ನು ದಿನಾ ದಾಟುವ ಎಷ್ಟೋ ಮಂದಿಗೆ ಅದು ಒಬ್ಬ ಯೋಗೇಶ್ವರಿಯ ಹೆಸರು ಎಂಬುದು ನೆನಪಿಲ್ಲ. ಪೂರ್ವಕ್ಕೆ ಇಳಿದು ವಿಚಾರಿಸಿಕೊಂಡು ಹೋದರೆ, ಮನೆಗಳ ಸಂದಿಯಲ್ಲಿ ಬಂಡೆ ಕೊರೆದ ಮೆಟ್ಟಿಲುಗಳು ಕೆಳಕ್ಕೆ ಇಳಿಯುತ್ತವೆ. ಆರನೆಯ ಶತಮಾನದ ದೊಡ್ಡ ಗುಹಾಲಯ, ಎಲಿಫೆಂಟಾದ ಓರಗೆಯದು. ತಲೆಯ ಮೇಲೆ, ಅಂದರೆ ಗುಹೆಯ ಬಂಡೆಯ ಮೇಲೆ, ಜೋಪಡಿಗಳು ಎದ್ದು ಕೋರ್ಟಿನವರೆಗೂ ವ್ಯಾಜ್ಯ ಹೋಗಿತ್ತು. ಒಳಗೆ ಕಂಬಗಳ ಹಜಾರ, ಅದರ ನಡುವೆ ಚೌಕನೆಯ ಗರ್ಭಗುಡಿ. ಕಟ್ಟಿದಾಗ ಅದು ಶಿವನದು. ಬಾಗಿಲವಾಡದ ಮೇಲೆ ಶಿವನ ಕಥೆಗಳೇ ಇವೆ, ಕಲ್ಲು ಸವೆದು ಗುರುತು ಹಿಡಿಯುವುದು ಕಷ್ಟ. ಈಗ ಅಲ್ಲಿ ಕೂತಿರುವವಳು ಜೋಗೇಶ್ವರಿ, ಕುಂಕುಮ ಹೂವುಗಳಿಂದ ಪೂಜೆಗೊಳ್ಳುತ್ತ. ಮಿತಾವ್ಲಿಯಲ್ಲಿ ದೇವಿಯರ ಜಾಗಕ್ಕೆ ಶಿವ ಬಂದ. ಮುಂಬಯಿಯಲ್ಲಿ ಶಿವನ ಜಾಗಕ್ಕೆ ದೇವಿ ಬಂದಳು. ಕಟ್ಟಡ ಕಟ್ಟಿಸಿದವನ ಮಾತು ನಡೆಯುವುದು ಅವನಿರುವಷ್ಟು ದಿನ. ಆಮೇಲೆ ಯಾರು ದಿನಾ ದೀಪ ಹಚ್ಚುತ್ತಾರೋ ಅವರು ಇಟ್ಟದ್ದೇ ಹೆಸರು.

ದೀಪ ಹಚ್ಚುವವರಿಲ್ಲದ ಕಡೆ ಏನಾಯಿತು? ಉತ್ತರಪ್ರದೇಶದ ಬಾಂದಾ ಜಿಲ್ಲೆಯ ಲೋಖರಿ ಗುಡ್ಡದ ಯೋಗಿನಿಯರಿಗೆ ಪ್ರಾಣಿಗಳ ಮುಖ. ಕಳ್ಳರು ಅವರನ್ನು ಹೊತ್ತರು. ಎಮ್ಮೆಮುಖದ ಒಬ್ಬಳು ಪ್ಯಾರಿಸ್ಸಿನ ಸಂಗ್ರಾಹಕರೊಬ್ಬರ ಮನೆ ಸೇರಿದ್ದಳು. ಅವರು ತೀರಿಕೊಂಡ ಮೇಲೆ ಪತ್ನಿ ಭಾರತದ ರಾಯಭಾರ ಕಚೇರಿಗೆ ಒಪ್ಪಿಸಿದರು, 2013ರಲ್ಲಿ ದೆಹಲಿಗೆ ಬಂದಳು. ಆಡಿನ ಮುಖದ ಇನ್ನೊಬ್ಬಳು ಇಂಗ್ಲೆಂಡಿನ ಒಂದು ಮನೆಯ ತೋಟದಲ್ಲಿ ಗಿಡಗಳ ನಡುವೆ ನಿಂತಿದ್ದಳು. 2022ರ ಮಕರಸಂಕ್ರಾಂತಿಯ ದಿನ ಲಂಡನ್ನಿನಲ್ಲಿ ನಮ್ಮ ಹೈಕಮಿಷನ್ನಿನ ಕೈಸೇರಿದಳು. ಕಾಂಚೀಪುರದ ಕಡೆಯ ಯೋಗಿನಿಯರ ಸ್ಥಿತಿ ಇನ್ನೂ ಕೆಟ್ಟದ್ದು. ಅವರ ಗುಡಿಯೇ ಉಳಿದಿಲ್ಲ. 1926ರಲ್ಲಿ ಫ್ರೆಂಚ್ ವಿದ್ವಾಂಸ ಜೂವೋ-ದುಬ್ರೆಯ್ ಅವರನ್ನು ಗುರುತಿಸಿದರು. ಆಮೇಲೆ ಒಬ್ಬಳು ವಾಷಿಂಗ್ಟನ್ನಿಗೆ, ಒಬ್ಬಳು ಡೆಟ್ರಾಯಿಟಿಗೆ, ಒಬ್ಬಳು ಟೊರಾಂಟೊಕ್ಕೆ, ಒಬ್ಬಳು ಪ್ಯಾರಿಸ್ಸಿಗೆ. ಗಾಜಿನ ಹಿಂದೆ, ಒಳ್ಳೆಯ ಬೆಳಕಿನಲ್ಲಿ, ಒಬ್ಬೊಬ್ಬಳೇ. ಬಳೆಯಾಗಿ ಕೂರಬೇಕಾದವರನ್ನು ಒಂಟಿಯಾಗಿ ನೋಡಿದರೆ ಅವಳು ಚೆಂದದ ವಿಗ್ರಹ, ಅಷ್ಟೇ. ಸುತ್ತ ಉಳಿದವರು ಇದ್ದರೆ ಮಾತ್ರ ಅವಳ ನೋಟಕ್ಕೆ ಅರ್ಥ. ವಸ್ತುಸಂಗ್ರಹಾಲಯದವರನ್ನು ಬೈಯುವುದು ನನ್ನ ಉದ್ದೇಶವಲ್ಲ, ಅವರಿಲ್ಲದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲವೇನೋ.

ಹೀರಾಪುರ ಹೇಗೆ ಉಳಿಯಿತು? ಮತ್ತೆ ಒಳಗೆ ಹೋಗಿ. ಬಾಗಿಲಿಗೆ ನೇರ ಎದುರು, ಗೋಡೆಯ ನಡುಮಧ್ಯದ ಗೂಡಿನಲ್ಲಿ ಹತ್ತು ಕೈಗಳ ಒಬ್ಬಳು, ಉಳಿದವರಿಗಿಂತ ತುಸು ದೊಡ್ಡವಳು. ಅವಳಿಗೆ ಮಾತ್ರ ಕೆಂಪು ಸೀರೆ, ಹೂವು, ಕುಂಕುಮ, ಬಳೆ. ಊರವರು ಅವಳನ್ನು ಮಹಾಮಾಯೆ ಎನ್ನುತ್ತಾರೆ, ಅವಳೇ ಊರದೇವತೆ. ತಂತ್ರ, ಚಕ್ರಪೂಜೆ, ಅಷ್ಟಸಿದ್ಧಿ ಯಾವುದೂ ಅವರಿಗೆ ಬೇಕಿಲ್ಲ. ಮದುವೆಗೆ ಮುಂಚೆ, ಮಗುವಿಗೆ ಮೈ ಹುಷಾರಿಲ್ಲದಾಗ, ಗದ್ದೆಗೆ ಇಳಿಯುವಾಗ ಒಂದು ನಮಸ್ಕಾರ. ಆ ಒಬ್ಬಳ ದೆಸೆಯಿಂದ ಉಳಿದವರಿಗೂ ಗೋಡೆ ಉಳಿಯಿತು, ಕಸ ಗುಡಿಸುವವರು ಉಳಿದರು, ಕಾವಲು ಉಳಿಯಿತು. ಶಾಸ್ತ್ರದವರು ಹಳ್ಳಿಯಿಂದ ಕರೆದೊಯ್ದಿದ್ದ ದೇವಿಯನ್ನು ಹಳ್ಳಿ ವಾಪಸು ಕರೆದುಕೊಂಡಿತು ಎನ್ನಿ.

ಮಾಟುಂಗದಲ್ಲಿಯೂ ಇಂಥವಳಿದ್ದಾಳೆ, ಮರುಬಾಯಿ ಗಾಂವ್‌ದೇವಿ. 1896ರ ಪ್ಲೇಗಿನ ನಂತರ, 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟಿನವರು ದಾದರ್-ಮಾಟುಂಗಗಳ ಗದ್ದೆ ತೋಟಗಳನ್ನು ಅಳೆದು, ಅಗಲ ರಸ್ತೆ, ಉದ್ಯಾನ, ಕಿಂಗ್ಸ್ ಸರ್ಕಲ್ಲಿನ ದುಂಡು ವೃತ್ತ ಎಲ್ಲ ಹಾಕಿದರು. ತಮಿಳರು, ಗುಜರಾತಿಗಳು, ನಾವು ಬಂದು ತುಂಬಿಕೊಂಡೆವು. 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು, ಉಡುಪಿ ಹೋಟೆಲುಗಳು ತೆರೆದವು. ಹಳ್ಳಿ ಹೋಯಿತು, ಹಳ್ಳಿಯ ದೇವಿ ಹೋಗಲಿಲ್ಲ. ನವರಾತ್ರಿಯಲ್ಲಿ ಅಲ್ಲಿಗೆ ಹೋದರೆ ಉಡಿ ತುಂಬುವ ಹೆಂಗಸರಲ್ಲಿ ಮರಾಠಿಯಷ್ಟೇ ತುಳುವೂ ತಮಿಳೂ ಕಿವಿಗೆ ಬೀಳುತ್ತದೆ.

ಹೀರಾಪುರಕ್ಕೆ ಹೋಗುವವರು ಪುರಿಯ ಯಾತ್ರೆಯ ಜೊತೆಗೇ ಅದನ್ನೂ ಸೇರಿಸಿಕೊಳ್ಳಬಹುದು. ಭುವನೇಶ್ವರದಿಂದ ಆಟೋ ಸಿಗುತ್ತದೆ, ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು, ಬಿಸಿಲೇರಿದ ಮೇಲೆ ಸೂರಿಲ್ಲದ ಗುಡಿಯಲ್ಲಿ ಕಲ್ಲು ಕಾಲು ಸುಡುತ್ತದೆ. ಜೋಗೇಶ್ವರಿಗೆ ಮಾತ್ರ ಮಳೆಗಾಲದಲ್ಲಿ ಹೋಗಬೇಡಿ, ಗುಹೆಯೊಳಗೆ ನೀರು ಸೋರುತ್ತದೆ, ಮೆಟ್ಟಿಲು ಜಾರುತ್ತದೆ. ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಹೋಗಿ ಬನ್ನಿ. ಮೊಬೈಲಿನ ಟಾರ್ಚು ಇರಲಿ. ಬಾಗಿಲವಾಡದ ಶಿಲ್ಪಗಳನ್ನು ಪಕ್ಕದಿಂದ ಬೆಳಕು ಬಿಟ್ಟೇ ನೋಡಬೇಕು.